ಐತಪ್ಪನ ಮೇಲೆ ಬಿದ್ದ ಪದ

ಕಮಲಾಕರ ರಾಯರಿಗೆ ಇಂಗ್ಲಿಷ್ ಪದಗಳ ಹುಚ್ಚು. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಸಂಗೀತದ್ದು, ಇವರಿಗೆ ಇದು. ಮದ್ರಾಸ್ ಬಂದರಿನ ಹಿಂದಿನ ಬೀದಿಯಲ್ಲಿದ್ದ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಅವರು ಹೆಡ್ ಕ್ಲಾರ್ಕು. ಮನೆ ವೆಸ್ಟ್ ಮಾಂಬಲಂ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ನೆಲೆಸಿದ ವೈಷ್ಣವರ ಮನೆತನ. ಮನೆಯಲ್ಲಿ ಆಡುವ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ಕನ್ನಡದಲ್ಲಿ ಬರೆಯುವುದೆಂದರೆ ನಂಟರಿಗೆ ವರ್ಷಕ್ಕೊಂದು ಕಾರ್ಡು, ಅದೂ ಹೆಂಡತಿ ತುಂಗಾ ಹತ್ತು ಸಲ ಹೇಳಿದ ಮೇಲೆ. ಭಾನುವಾರ ಬಂತೆಂದರೆ ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದ ಅಂಗಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ರಟ್ಟು ಕಿತ್ತುಹೋದ ಡಿಕ್ಷನರಿಗಳನ್ನು ಮಗುವಿನ ತಲೆಯಲ್ಲಿ ಹೇನು ಹುಡುಕುವ ಹಾಗೆ ಹುಡುಕುತ್ತಿದ್ದರು. ಒಂದು ಹೊಸ ಪದ ಸಿಕ್ಕಿತೋ, ಆ ವಾರವೆಲ್ಲ ಅವರಿಗೆ ಊಟ ರುಚಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಆಫೀಸಿನ ನೀರಿನ ಹೂಜಿಯ ಮೇಲಿದ್ದ ಕರಿಹಲಗೆಯಲ್ಲಿ ಆ ಪದ ಬರೆಯುವುದು ಪದ್ಧತಿ. ಪದ, ಅದರ ಅರ್ಥ, ಅದು ಎಲ್ಲಿಂದ ಬಂತು ಎನ್ನುವುದು, ಮೂರೂ ಇರಬೇಕು. ನೀರು ಕುಡಿಯಲು ಬಂದವರು ಒಂದು ಗಳಿಗೆ ನಿಂತು ಓದುತ್ತಿದ್ದರು, ರಾಯರು ತಮ್ಮ ಮೇಜಿನಿಂದ ಕಾಗದ ನೋಡುವ ನೆಪದಲ್ಲಿ ಅವರ ಮುಖ ನೋಡುತ್ತಿದ್ದರು. ಮ್ಯಾನೇಜರ್ ಹರಿಹರನ್ ಅವರಿಗಂತೂ ರಾಯರ ಡ್ರಾಫ್ಟ್ ಇಲ್ಲದೆ ಕೈ ಓಡುತ್ತಿರಲಿಲ್ಲ. ಕಲ್ಕತ್ತೆಯ ಹೆಡ್ಡಾಫೀಸಿನಲ್ಲಿ ಮದ್ರಾಸಿನ ಇಂಗ್ಲಿಷಿಗೆ ಒಂದು ಹೆಸರಿತ್ತು. ಹೆಸರು ಹರಿಹರನ್ನರದು, ಇಂಗ್ಲಿಷು ರಾಯರದು. ಕಾಗದದ ಕೆಳಗೆ ಯಾರ ಸಹಿ ಇದ್ದರೇನು, ಬರೆದವನಿಗೆ ತಾನು ಬರೆದದ್ದು ಗೊತ್ತಿರುತ್ತದಲ್ಲ ಎಂದು ರಾಯರು ಒಳಗೊಳಗೇ ಬೀಗುತ್ತಿದ್ದರು.

ಆ ಇಂಗ್ಲಿಷಿಗೆ ಒಬ್ಬ ಖಾಯಂ ಭಕ್ತನಿದ್ದ. ಟೈಪಿಸ್ಟ್ ಐತಪ್ಪ. ಮಂಗಳೂರಿನ ಕಡೆಯವನು, ರಾಯರಿಗಿಂತ ಹತ್ತು ವರ್ಷ ಚಿಕ್ಕವನು. ಹೆಂಡತಿ ಕಲಾವತಿ, ಮಗಳು ಊರ್ಮಿಳಾ. ಅವನ ಮನೆಯೂ ಮಾಂಬಲಂ, ರೈಲು ಹಳಿಯ ಆಚೆ ಬದಿಗೆ. ಬೆಳಿಗ್ಗೆ ಎಲೆಕ್ಟ್ರಿಕ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಅದರ ಮೇಲೆ ಕೊಡೆ ಇಟ್ಟು ರಾಯರಿಗೆ ಕಾಯುತ್ತಿದ್ದ. ಬೀಚ್ ಸ್ಟೇಷನ್ ಬರುವ ತನಕ ಅವರು ಹೇಳಿದ್ದು, ಇವನು ಕೇಳಿದ್ದು.

"ನಿಮ್ಮ ಡ್ರಾಫ್ಟು ಟೈಪು ಮಾಡುವಾಗ ಬೆರಳಿಗೆ ಆಯಾಸವೇ ಆಗುವುದಿಲ್ಲ ಮಾರಾಯ್ರೆ," ಎನ್ನುತ್ತಿದ್ದ. ಅವನ ಮಾತಿನಲ್ಲಿ ಬೆಣ್ಣೆ ಇರಲಿಲ್ಲ, ಅದು ರಾಯರಿಗೂ ಗೊತ್ತಿತ್ತು. ಆದರೂ ಆ ಮಾತು ಕೇಳಿದ ದಿನ ಅವರು ಸ್ಟೇಷನ್ನಿನಲ್ಲಿ ಅವನಿಗೆ ಕಾಫಿ ಕೊಡಿಸುತ್ತಿದ್ದರು.

ಆಫೀಸು ಚಿಕ್ಕದಾದ್ದರಿಂದ ಬರುವ ಟಪಾಲಿಗೆ ತಾರೀಖಿನ ಮೊಹರು ಒತ್ತಿ ರಿಜಿಸ್ಟರಿನಲ್ಲಿ ಬರೆಯುವ ಕೆಲಸವೂ ಐತಪ್ಪನದೇ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಆಗಸ್ಟ್ ಒಂದನೇ ತಾರೀಖು ರಾಯಪುರಂನಿಂದ ಒಬ್ಬ ಹೆಂಗಸು ಬಂದಳು. ಗಂಡ ಕಂಪನಿಯ ಹಡಗುಗಳಲ್ಲಿ ಸರಕು ಎತ್ತುವ ವಿಂಚ್ ಓಡಿಸುತ್ತಿದ್ದವನು, ಅದೇ ವಿಂಚಿನ ಕೆಳಗೆ ಸತ್ತಿದ್ದ. ಗಂಡನ ಬದಲಿಗೆ ತನಗೆ ಗುಡಿಸುವ ಕೆಲಸವಾದರೂ ಕೊಡಿ ಎಂದು ಅರ್ಜಿ. ಅಂಥ ಅರ್ಜಿಗೆ ಮೂರು ತಿಂಗಳ ಗಡುವು, ಗಡುವು ಮುಗಿದದ್ದು ಹಿಂದಿನ ದಿನ. ಹಿಂದಿನ ದಿನ ಅವಳು ಆಸ್ಪತ್ರೆಯಲ್ಲಿದ್ದಳು, ಹೆರಿಗೆಯಾಗಿತ್ತು. ಹಸಿ ಬಾಣಂತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದು ಐತಪ್ಪನ ಮೇಜಿನ ಮುಂದೆ ನಿಂತಳು.

ಐತಪ್ಪ ಅರ್ಜಿ ನೋಡಿದ, ಅವಳನ್ನು ನೋಡಿದ, ಮೊಹರಿನ ಪುಟ್ಟ ಚಕ್ರವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿ ಒತ್ತಿದ. ಮತ್ತೆ ಚಕ್ರವನ್ನು ಮುಂದಕ್ಕೆ ತಿರುಗಿಸಿಟ್ಟ. ಅಷ್ಟೇ ಅವನು ಮಾಡಿದ್ದು. ಅವಳಿಂದ ಒಂದು ಲೋಟ ನೀರು ಸಹ ಕೇಳಲಿಲ್ಲ. ಇವನೇ ಅವಳಿಗೆ ಹೂಜಿಯಿಂದ ನೀರು ಕೊಟ್ಟ. ಎದುರಿಗೆ ಕೂತಿದ್ದ ರಾಯರು ಇದನ್ನೆಲ್ಲ ಕಣ್ಣಾರೆ ಕಂಡರು, ಕಂಡೂ ಕಾಣದವರಂತೆ ಇದ್ದರು, ಮತ್ತು ಮನಸ್ಸಿನಲ್ಲೇ ಭಲೆ ಎಂದರು.

ಎರಡು ವಾರದ ಮೇಲೆ ಲೆಕ್ಕದ ವಿಭಾಗದವನೊಬ್ಬ ರಿಜಿಸ್ಟರ್ ತಿರುವಿ ಹಾಕುವಾಗ ಮೂವತ್ತೊಂದನೇ ತಾರೀಖಿನ ಮೊಹರಿದ್ದ ಅರ್ಜಿ ಒಂದನೇ ತಾರೀಖಿನ ಕಾಗದಗಳ ನಡುವೆ ದಾಖಲಾಗಿರುವುದು ಕಂಡಿತು. ಹರಿಹರನ್ ರಾಯರನ್ನು ಒಳಗೆ ಕರೆದರು. ಅವರೇನು ಕೆಟ್ಟವರಲ್ಲ. ಕಂಡ ಮೇಲೆ ಕಲ್ಕತ್ತೆಗೆ ತಿಳಿಸದಿದ್ದರೆ ತಮ್ಮ ತಲೆಗೇ ಬರುತ್ತದೆ, ಒಂದು ನೋಟ್ ಬರೆಯಿರಿ, ಅಲ್ಲಿಂದ ಒಂದು ಎಚ್ಚರಿಕೆಯ ಕಾಗದ ಬರುತ್ತದೆ, ಅಲ್ಲಿಗೆ ಮುಗಿಯಿತು ಎಂದರು. ಐತಪ್ಪನಿಗೆ ಈಗಲೇ ಹೇಳಬೇಡಿ ಎಂದೂ ಸೇರಿಸಿದರು.

ರಾಯರು ಮೇಜಿಗೆ ಬಂದು ಬರೆದರು. ಮೊದಲು ಬರೆದದ್ದು ಸಾದಾ ಬರಹ. ಹೀಗೆ ಹೀಗೆ ಒಬ್ಬ ಬಾಣಂತಿ, ಒಂದೇ ದಿನ ತಡ, ಗುಮಾಸ್ತ ಮರುಕದಿಂದ ಮಾಡಿದ್ದು, ಅವನಿಗೆ ಇದರಲ್ಲಿ ಲಾಭವಿಲ್ಲ. ಓದಿ ನೋಡಿದರು. ಸಪ್ಪೆ ಅನಿಸಿತು. ಕಲ್ಕತ್ತೆಯವರು ಓದಿ 'ಮದ್ರಾಸಿನ ಇಂಗ್ಲಿಷಿಗೆ ಏನಾಯಿತು' ಅನ್ನಬಹುದು ಅನಿಸಿತು. ಆ ವಾರದ ಪದ ನಾಲಿಗೆಯ ತುದಿಯಲ್ಲೇ ಇತ್ತು: ಶಿಕೇನರಿ. ಭಾನುವಾರವಷ್ಟೇ ಮೂರ್ ಮಾರ್ಕೆಟ್ಟಿನ ಡಿಕ್ಷನರಿಯಲ್ಲಿ ಸಿಕ್ಕಿದ್ದು. ಎಷ್ಟು ಇಷ್ಟವಾಗಿತ್ತೆಂದರೆ ಹಲಗೆಗೆ ಹಾಕದೆ ಒಳ್ಳೆಯ ಜಾಗಕ್ಕೆಂದು ಕಾದಿಟ್ಟಿದ್ದರು. ಆದರೆ ಬಾಣಂತಿ ಇರುವ ಕಡೆ ಆ ಪದ ಕೂರುವುದಿಲ್ಲ. ಆದ್ದರಿಂದ ಬಾಣಂತಿಯನ್ನು ತೆಗೆದರು. ಮರುಕವನ್ನು ತೆಗೆದರು. ಲಾಭವಿಲ್ಲ ಎನ್ನುವ ಮಾತನ್ನೂ ತೆಗೆದರು. ಲಗತ್ತಿಸಿದ ಪ್ರತಿಯಲ್ಲಿ ಕಾಣುವ ಕೃತ್ಯವು ಶಿಕೇನರಿಯ ಸ್ಪಷ್ಟ ನಿದರ್ಶನ ಎಂದು ಒಂದೇ ವಾಕ್ಯ ಬರೆದು, ಎರಡು ಸಲ ಮೆಲ್ಲಗೆ ಓದಿಕೊಂಡು, ತಲೆದೂಗಿದರು. ಹೇಗೂ ಬರುವುದು ಒಂದು ಎಚ್ಚರಿಕೆಯ ಕಾಗದ ತಾನೇ. ಆ ಗಳಿಗೆಯಲ್ಲಿ ಐತಪ್ಪ ಎಂಬ ಮನುಷ್ಯ ಅವರ ಮನಸ್ಸಿನಲ್ಲೇ ಇರಲಿಲ್ಲ. ಇದನ್ನು ಅವರು ಆಮೇಲೆ ಎಷ್ಟು ಸಲ ನೆನೆದು ಹಣೆ ಚಚ್ಚಿಕೊಂಡರೋ.

ಆಫೀಸಿಗೆ ಇದ್ದದ್ದು ಒಬ್ಬನೇ ಟೈಪಿಸ್ಟು. ಆದ್ದರಿಂದ ಗುಟ್ಟಿನ ಕಾಗದಗಳಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಟೈಪಿಗೆ ಕೊಡುವುದು, ಮ್ಯಾನೇಜರು ಆಮೇಲೆ ತಮ್ಮ ಪೆನ್ನಿನಲ್ಲಿ ಹೆಸರು ತುಂಬಿ ಲಗತ್ತು ಸೇರಿಸಿ ಲಕೋಟೆ ಮುಚ್ಚುವುದು ಅಲ್ಲಿಯ ರೂಢಿ. ಹರಿಹರನ್ ಈ ಡ್ರಾಫ್ಟನ್ನೂ ಹಾಗೆಯೇ ಕಳಿಸಿದರು. ಐತಪ್ಪ ಟೈಪು ಮಾಡಲು ಕೂತವನು ಅರ್ಧಕ್ಕೆ ಎದ್ದು ರಾಯರ ಮೇಜಿಗೆ ಬಂದ. ಅವರ ಅಕ್ಷರ ಅವನಿಗೆ ಗೊತ್ತಿಲ್ಲದ್ದೇ?

"ರಾಯರೇ, ಇದೊಂದು ಹೊಸದು ಉಂಟಲ್ಲ. ಎಂತ ಇದರ ಅರ್ಥ?"

ರಾಯರು ಮುಂದಿದ್ದ ಫೈಲಿನ ಮೇಲೆ ಬಗ್ಗಿದರು. ಆದರೆ ಪದದ ಅರ್ಥ ಕೇಳಿದವನಿಗೆ ಹೇಳದೆ ಇರುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

"ಕುಯುಕ್ತಿ ಅಂತ. ಕಾನೂನಿನ ಸಂದಿಯಲ್ಲಿ ನುಸುಳಿ ಜನರ ಕಣ್ಣಿಗೆ ಮಣ್ಣೆರಚೋದು. ಬರೀ ಸುಳ್ಳಲ್ಲ, ಬುದ್ಧಿ ಓಡಿಸಿ ಮಾಡೋ ಮೋಸ."

"ಎಲ್ಲಿಂದ ಬಂದದ್ದು?"

"ಫ್ರೆಂಚ್‌ನಿಂದ. ಕೋರ್ಟಲ್ಲಿ ಕೊಂಕು ತೆಗೆದು ವಾದ ಮಾಡೋಕೆ ಅವರು ಹಾಗೆ ಅನ್ನೋರು. ಅದರ ಹಿಂದೆ ಪರ್ಷಿಯಾದ ಒಂದು ಆಟ. ಕುದುರೆ ಮೇಲೆ ಕೂತು ಬಾಗಿದ ಕೋಲಲ್ಲಿ ಚೆಂಡು ಹೊಡೀತಾರಲ್ಲ, ಪೋಲೋ, ಅದು." ಡಿಕ್ಷನರಿಯಲ್ಲಿ ಆಟದ ಮಾತಿನ ಹಿಂದೆ 'ಇರಬಹುದು' ಎಂದಿತ್ತು, ಕೆಲವರ ಊಹೆ ಎಂದಿತ್ತು. ರಾಯರು ಅದನ್ನು ಹೇಳಲಿಲ್ಲ, ಹೇಳಿದರೆ ಕಥೆಯ ಸೊಗಸು ಕೆಡುತ್ತಿತ್ತು.

ಐತಪ್ಪನ ಮುಖ ಅರಳಿತು. "ಅಬ್ಬ, ಕುದುರೆಯಿಂದ ಕೋರ್ಟಿಗೆ!" ಎಂದ. ಆಮೇಲೆ ಕೈಯಲ್ಲಿದ್ದ ಕಾಗದ ನೋಡಿ ದನಿ ತಗ್ಗಿಸಿದ. "ಪಾಪ, ಯಾರಿಗೆ ಸಾರ್ ಇದು? ಇಂಥ ಶಬ್ದ ಮೇಲೆ ಬಿದ್ದವ ಮತ್ತೆ ಏಳಲಿಕ್ಕುಂಟಾ? ಸ್ವಲ್ಪ ಸಣ್ಣದು ಹಾಕಬಹುದಿತ್ತೋ ಏನೋ."

ರಾಯರು ಕೈ ಚಾಚಿ ಆ ಕಾಗದ ತೆಗೆದುಕೊಂಡು ಆ ಪದಕ್ಕೆ ಗೀಟು ಎಳೆದು ಸಣ್ಣದೊಂದು ಪದ ಹಾಕಿದ್ದರೆ ಸಾಕಿತ್ತು. ಮ್ಯಾನೇಜರು ಬೇಡವೆನ್ನುತ್ತಿರಲಿಲ್ಲ, ಅವರಿಗೆ ಎರಡು ಪದಗಳ ವ್ಯತ್ಯಾಸವೂ ಗೊತ್ತಾಗುತ್ತಿರಲಿಲ್ಲ. ಆದರೆ ರಾಯರು, "ಕಾನ್ಫಿಡೆನ್ಷಿಯಲ್ ಐತಪ್ಪ, ಕೇಳಬಾರದು, ಹೋಗಿ ಟೈಪ್ ಮಾಡು," ಎಂದರು. ಅವನು ಹೋಗಿ ಒಂದೂ ತಪ್ಪಿಲ್ಲದೆ ಟೈಪು ಮಾಡಿದ, ಹೆಸರಿನ ಜಾಗವನ್ನು ಅಚ್ಚುಕಟ್ಟಾಗಿ ಖಾಲಿ ಬಿಟ್ಟ.

ಕಲ್ಕತ್ತೆಯಿಂದ ಬಂದದ್ದು ಎಚ್ಚರಿಕೆಯ ಕಾಗದವಲ್ಲ. ಶಿಕೇನರಿ ಮಾಡಬಲ್ಲ ಮನುಷ್ಯನನ್ನು ಟಪಾಲಿನ ಮೇಜಿನಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಅವರು ಕೇಳಿದ್ದರು. ವಿಚಾರಣೆ ಎನ್ನುವ ಶಾಸ್ತ್ರ ಅರ್ಧ ಗಂಟೆಯಲ್ಲಿ ಮುಗಿಯಿತು. ಮೊಹರು ತಿರುಗಿಸಿದ್ದು ನೀನೇ? ಹೌದು, ನಾನೇ. ಬೇರೆ ಏನನ್ನೂ ಯಾರೂ ಕೇಳಲಿಲ್ಲ, ಹೇಳಬೇಕಾಗಿದ್ದ ರಾಯರು ಮೂಲೆಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಆ ಹೆಂಗಸಿನ ಅರ್ಜಿಯೂ ಗಡುವು ಮೀರಿದ್ದೆಂದು ಮೂಲೆ ಸೇರಿತು.

ಕೆಲಸದಿಂದ ತೆಗೆದ ಆರ್ಡರು ಐತಪ್ಪನ ಕೈಗೆ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಅವನು ನಿಂತೇ ಓದಿದ. ಆ ಪದ ಬಂದ ಕಡೆ ಅವನ ಬೆರಳು ನಿಂತದ್ದನ್ನು ರಾಯರು ದೂರದಿಂದ ಕಂಡರು. ಅವನು ತಲೆಯೆತ್ತಿ ಅವರ ಮೇಜಿನತ್ತ ನೋಡಿದ. ಬೈಯುತ್ತಾನೆ, ಅಳುತ್ತಾನೆ, ಕಾಲರ್ ಹಿಡಿಯುತ್ತಾನೆ ಎಂದುಕೊಂಡರು. ಯಾವುದಾದರೂ ಆಗಿದ್ದರೆ ಚೆನ್ನಾಗಿತ್ತು. ಅವನು ಟೈಪ್‌ರೈಟರಿಗೆ ಮುಸುಕು ಹಾಕಿ, ಡಬ್ಬಿ ಚೀಲ ತೆಗೆದುಕೊಂಡು ಅವರ ಬಳಿ ಬಂದು, "ಬರ್ತೇನೆ ರಾಯರೇ," ಎಂದು ಹೊರಟುಹೋದ.

ಅಲ್ಲಿಂದ ಮುಂದೆ ರಾಯರು ರೈಲಿನ ಬೇರೆ ಡಬ್ಬಿಗೆ ಹತ್ತತೊಡಗಿದರು. ಕರಿಹಲಗೆಯಲ್ಲಿ ಪದ ಬರೆಯುವುದು ನಿಂತುಹೋಯಿತು. ಮೊದಲ ತಿಂಗಳು ಯಾರಾದರೂ ಕೇಳುತ್ತಿದ್ದರು, ಆಮೇಲೆ ಕೇಳುವುದನ್ನೂ ಬಿಟ್ಟರು. ಐತಪ್ಪ ಹೈಕೋರ್ಟಿನ ಗೋಡೆಯ ಪಕ್ಕ ಮರದಡಿ ಒಂದು ಹಳೆಯ ಮೆಷಿನ್ ಇಟ್ಟುಕೊಂಡು ವಕೀಲರ ಅಫಿಡವಿಟ್ಟುಗಳನ್ನು ಟೈಪು ಮಾಡುತ್ತಾನೆಂದು ಯಾರೋ ಹೇಳಿದರು. ಬೀಚ್ ಸ್ಟೇಷನ್ನಿನಿಂದ ಅದು ಎಷ್ಟು ದೂರ? ಬೇಕೆಂದರೆ ಊಟದ ಹೊತ್ತಿನಲ್ಲಿ ಹೋಗಿ ಬರಬಹುದಿತ್ತು. ನಾಳೆ ಹೋಗೋಣ, ಯುಗಾದಿ ಕಳೆಯಲಿ, ತುಂಗಾಳ ಕಾಲುನೋವು ವಾಸಿಯಾಗಲಿ ಎಂದು ದಿನ ದೂಡಿದರು. ಹೋಗಿ ಏನು ಹೇಳುವುದು ಎನ್ನುವುದೇ ಅವರಿಗೆ ಹೊಳೆಯುತ್ತಿರಲಿಲ್ಲ, ಅಷ್ಟು ಪದ ಗೊತ್ತಿದ್ದ ಮನುಷ್ಯನಿಗೆ. ಹೀಗೆ ಒಂಬತ್ತು ವರ್ಷ ಹೋಯಿತು.

ಎಂಬತ್ತಮೂರರ ಅಕ್ಟೋಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ರಾಯರು ಪೇಪರು ಓದುತ್ತಿದ್ದಾಗ ತುಂಗಾ ಬಂದು, "ಯಾರೋ ಪೊಣ್ಣು ಬಂದಿದಾಳೆ ನೋಡಿ. ನಿಮ್ಮನ್ನೇ ಕೇಳ್ತಿದಾಳೆ," ಎಂದಳು. ಬಾಗಿಲಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿ, ಕೈಯಲ್ಲೊಂದು ಕಂದು ಲಕೋಟೆ. ಎಣ್ಣೆ ಕಾಣದ ತಲೆ, ಹಣೆಯಲ್ಲಿ ಬೊಟ್ಟಿಲ್ಲ.

"ನಾನು ಊರ್ಮಿಳಾ ಅಂಕಲ್. ಐತಪ್ಪ ಪೊಣ್ಣು," ಎಂದಳು. ಮದ್ರಾಸಿನ ಶಾಲೆಯಲ್ಲಿ ಓದಿದವಳು. ಅವಳ ಕನ್ನಡದಲ್ಲಿ ಅಪ್ಪನ ಮಂಗಳೂರೂ ಬೀದಿಯ ತಮಿಳೂ ಕಲಸಿಹೋಗಿದ್ದವು. "ಅಪ್ಪ ಹೋಗಿಬಿಟ್ಟರು. ಒಂಬತ್ತು ದಿನ ಆಯ್ತು. ಹಾರ್ಟ್ ಅಟ್ಯಾಕ್. ಟೈಪ್ ಮಾಡ್ತಾ ಇರುವಾಗಲೇ."

ರಾಯರು ಕೈಯಲ್ಲಿದ್ದ ಪೇಪರನ್ನು ಮಡಚಿ ಕೆಳಗಿಟ್ಟರು. ತುಂಗಾ ಅವಳನ್ನು ಒಳಗೆ ಕರೆದು ಕೂರಿಸಿದಳು. ಹುಡುಗಿ ಲಕೋಟೆಯಿಂದ ಆರ್ಡರಿನ ಕಾಗದ ತೆಗೆದು ಅವರ ಮುಂದೆ ಹಿಡಿದಳು. ಮಡಿಕೆಗಳಲ್ಲಿ ಹರಿದು, ಹಿಂದೆ ಅಂಟುಕಾಗದ ಹಚ್ಚಿ ಕೂಡಿಸಿದ್ದ ಕಾಗದ.

"ಅಮ್ಮ ಕಳಿಸಿದ್ದು. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಅಪ್ಪ ಒಂದು ದಿನವೂ ಇದನ್ನ ಓದಿ ಹೇಳಲಿಲ್ಲ. ಅಕ್ಕಪಕ್ಕದವರು ಫ್ರಾಡ್ ಮಾಡಿದ್ದಕ್ಕೆ ಆಫೀಸ್ ವೇಲೆ ಹೋಯ್ತು ಅಂತಾರೆ, ಅಮ್ಮ ಕೇಳಿದ್ರೆ ಅಪ್ಪ ಎದ್ದು ಹೊರಗೆ ಹೋಗೋರು. ಬರೋ ಬುಧವಾರ ಅಪ್ಪನ ಬೊಜ್ಜ. ತಿಥಿ ಅಂತೀರಲ್ಲ ನೀವು, ಅದು. ಅಷ್ಟರೊಳಗೆ ಗೊತ್ತಾಗಬೇಕು ಅಂತಾರೆ ಅಮ್ಮ. ಮೋಸಗಾರನಿಗೆ ಎಡೆ ಇಡ್ತಿದ್ದೀನಾ, ಒಳ್ಳೆಯವರಿಗೆ ಇಡ್ತಿದ್ದೀನಾ ತಿಳೀಬೇಕು ಅಂತ ಅಳ್ತಾರೆ." ಅವಳು ಆ ಪದದ ಕೆಳಗೆ ಬೆರಳಿಟ್ಟಳು. "ಇದು ಮಾತ್ರ ನನಗೆ ಸರಿಯಾಗಿ ಗೊತ್ತಾಗಲ್ಲ. ಚಿಕ್ಕವಳಾಗಿದ್ದಾಗ ಅಪ್ಪನ್ನ ಕೇಳಿದ್ದೆ. ಕುದುರೆ ಮೇಲೆ ಕೂತು ಚೆಂಡು ಹೊಡಿಯೋ ಆಟ ಮಗಾ, ತುಂಬಾ ಹಳೇದು ಅಂದ್ರು. ಕಾಲೇಜಲ್ಲಿ ಡಿಕ್ಷನರಿ ನೋಡಿದೆ. ಆಟ ಅಂತ ಇಲ್ಲ ಅದರಲ್ಲಿ, ಏನೋ ಮೋಸ ಅಂತಿದೆ. ಯಾವುದು ನಿಜ?"

ಆ ದಿನ ರಾಯರು ಎಲ್ಲ ಹೇಳಿದ್ದರು ಅವನಿಗೆ, ಅರ್ಥವನ್ನೂ ಮೂಲವನ್ನೂ. ಮಗಳಿಗೆ ಅವನು ಮೂಲವನ್ನಷ್ಟೇ ಕೊಟ್ಟಿದ್ದ, ಅರ್ಥವನ್ನು ತಾನೇ ನುಂಗಿಕೊಂಡಿದ್ದ.

"ಡಿಕ್ಷನರಿಯಲ್ಲಿ ಬಿಟ್ಟಿರಬಹುದಮ್ಮ," ಎಂದರು ರಾಯರು. ದನಿ ತಮ್ಮದೇ ಎನಿಸಲಿಲ್ಲ. "ಅಂಥ ದೊಡ್ಡ ಪದ ಏನಲ್ಲ. ಸಣ್ಣ ತಪ್ಪಿಗೂ ಆಫೀಸಲ್ಲಿ ಹಾಗೆ ಬರೀತಾರೆ."

ಹುಡುಗಿ ಅವರನ್ನೇ ನೋಡಿದಳು. ಅವಳ ಕಣ್ಣಲ್ಲಿ ಸಮಾಧಾನ ಮೂಡಲಿಲ್ಲ. "ಸಣ್ಣ ತಪ್ಪಿಗಾ ಅಪ್ಪ ಒಂಬತ್ತು ವರ್ಷ ಬೀದಿಯಲ್ಲಿ ಕೂತದ್ದು?" ಎಂದಳು. "ಅಪ್ಪ ಸಾಯೋ ವಾರ ಕೂಡ ಹೇಳಿದ್ರು. ಇಂಗ್ಲಿಷ್‌ನಲ್ಲಿ ಎಂತ ಡೌಟ್ ಬಂದ್ರೂ ಕಮಲಾಕರ ರಾಯರನ್ನ ಕೇಳು, ಅವರು ತಪ್ಪು ಹೇಳುವ ಜನ ಅಲ್ಲ ಅಂತ. ಅದಕ್ಕೇ ನಿಮ್ಮ ಹತ್ರ ಬಂದದ್ದು ಅಂಕಲ್."

ರಾಯರು ಎದ್ದರು, ಕೂತರು. ಕನ್ನಡಕ ತೆಗೆದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಂಗಾಳಿಗೂ ಈ ಒಂಬತ್ತು ವರ್ಷದಲ್ಲಿ ಅವರು ಹೇಳದಿದ್ದ ಮಾತು ಅದು. ಈಗ ಅವಳೂ ಕೇಳಿಸಿಕೊಂಡಳು.

"ಸುಳ್ಳು ಹೇಳಿದೆ ನಾನು," ಎಂದರು. "ದೊಡ್ಡ ಪದವೇ ಅದು. ಬುದ್ಧಿ ಓಡಿಸಿ ಮಾಡೋ ಮೋಸ ಅಂತ. ನಿಮ್ಮಪ್ಪ ಅದನ್ನ ಮಾಡಿರಲಿಲ್ಲ. ಒಬ್ಬ ಬಾಣಂತಿ ಒಂದು ದಿನ ತಡವಾಗಿ ಅರ್ಜಿ ತಂದಳು. ಅವಳಿಗೆ ಕೆಲಸ ಸಿಗಲಿ ಅಂತ ಮೊಹರನ್ನ ಒಂದು ದಿನ ಹಿಂದಕ್ಕೆ ತಿರುಗಿಸಿದ, ಅಷ್ಟೇ. ನಾನು ಎದುರಿಗೇ ಕೂತು ನೋಡಿದೆ. ಆ ಪದ ಬರೆದವನು ನಾನು. ಮ್ಯಾನೇಜರಲ್ಲ, ಕಲ್ಕತ್ತೆಯವರಲ್ಲ, ನಾನೇ. ಬರೆಯೋಕೆ ಚೆನ್ನಾಗಿದೆ ಅಂತ ಬರೆದೆ."

ಊರ್ಮಿಳಾ ಆರ್ಡರಿನ ಕಾಗದವನ್ನು ಮಡಿಲಲ್ಲಿಟ್ಟು ಅಂಟುಕಾಗದದ ಅಂಚನ್ನು ಬೆರಳಿನಿಂದ ಒತ್ತಿದಳು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಆಮೇಲೆ ಹುಡುಗಿ, "ಅಪ್ಪನಿಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು. ಟೈಪ್ ಮಾಡಿದವನು ಅವನೇ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತುಂಗಾ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು, ಗಂಡನ ಮುಖವನ್ನು ಒಮ್ಮೆ ನೋಡಿ, ನೋಟ ಬೇರೆ ಕಡೆಗೆ ತಿರುಗಿಸಿದಳು. ರಾಯರಿಗೆ ಅದು ಹುಡುಗಿಯ ಅಳುವಿಗಿಂತ ಹೆಚ್ಚು ನಾಟಿತು.

ಅಳು ತಡೆದುಕೊಂಡು ಊರ್ಮಿಳಾ, "ನಾನು ಹೇಳಿದ್ರೆ ಅಮ್ಮ ನಂಬಲ್ಲ. ಸಮಾಧಾನಕ್ಕೆ ಹೇಳ್ತೀಯ ಅಂತಾರೆ. ಬರೆದುಕೊಡಿ. ಅಮ್ಮನಿಗೆ ಓದೋಕೆ ಬರೋ ಹಾಗೆ ಕನ್ನಡದಲ್ಲಿ ಬರೀರಿ. ನಿಮ್ಮ ಹೆಸರು ಹಾಕಿ," ಎಂದಳು.

ಸಾವಿರಾರು ಕಾಗದ ಬರೆದ ಕೈ ಅದು, ಎಲ್ಲವೂ ಇನ್ನೊಬ್ಬರ ಸಹಿಗೆ. ರಾಯರು ಒಂದು ಬಿಳಿ ಹಾಳೆ ತೆಗೆದುಕೊಂಡು ಬರೆಯತೊಡಗಿದರು. ಅಲಂಕಾರ ಹುಡುಕಲು ಅವರಿಗೆ ಕನ್ನಡದಲ್ಲಿ ಅಷ್ಟು ಪದಗಳೂ ಇರಲಿಲ್ಲ. ಒತ್ತಕ್ಷರಕ್ಕೆ ಒಂದೆರಡು ಕಡೆ ತಡವರಿಸಿದರು. ಐದು ನಿಮಿಷ ಸಹ ಹಿಡಿಯಲಿಲ್ಲ. ಕೆಳಗೆ ಪೂರ್ತಿ ಹೆಸರು ಬರೆದು ಹಾಳೆ ಚಾಚಿದರು.

ಅವಳು ಹಾಳೆಯ ಮೇಲೆ ಕಣ್ಣಾಡಿಸಿ ಹಿಂದಕ್ಕೆ ಕೊಟ್ಟಳು. "ನನಗೆ ಕನ್ನಡ ಓದೋಕೆ ಬರಲ್ಲ ಅಂಕಲ್. ನೀವೇ ಓದಿ."

ರಾಯರು ಓದಿದರು. "ಕಲಾವತಿಯಮ್ಮನವರಿಗೆ. ನಿಮ್ಮ ಯಜಮಾನರು ಯಾರಿಗೂ ಮೋಸ ಮಾಡಲಿಲ್ಲ. ಗಂಡ ಸತ್ತ ಒಬ್ಬ ಬಾಣಂತಿಗೆ ಉಪಕಾರವಾಗಲೆಂದು ಒಂದು ದಿನದ ತಾರೀಖು ಬದಲಿಸಿದರು, ಅದರಿಂದ ಅವರಿಗೆ ಏನೂ ಲಾಭವಿರಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಅವರ ಮೇಲೆ ಕೆಟ್ಟ ಮಾತು ಬರೆದವನು ನಾನು." ಕೊನೆಗೆ ತಮ್ಮ ಹೆಸರನ್ನೂ ಓದಿದರು.

ಊರ್ಮಿಳಾ ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿ ಎದ್ದಳು. ತುಂಗಾ ತಂದಿಟ್ಟ ಕಾಫಿ ಮುಟ್ಟಲಿಲ್ಲ, ಸೂತಕ ಎಂದಳು. ಬಾಗಿಲ ಬಳಿ ಚಪ್ಪಲಿ ಮೆಟ್ಟಿದವಳು ನಿಂತು ತಿರುಗಿದಳು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

"ಇಷ್ಟೇ ಇಷ್ಟು ಬರೆದಿದ್ರೆ ಆಗ ಸಾಕಾಗಿತ್ತಾ ಅಂಕಲ್? ಅಪ್ಪನ ಕೆಲಸ ಉಳೀತಿತ್ತಾ?"

"ಉಳೀತಿತ್ತಮ್ಮ," ಎಂದರು ರಾಯರು.

ಅವಳು ತಲೆಯಾಡಿಸಿದಳು, ಮೆಟ್ಟಿಲಿಳಿದು ರೈಲು ಹಳಿಯ ಕಡೆ ನಡೆದಳು. ರಾಯರು ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟರು, ಬೀದಿಯವರು ನೋಡುತ್ತಾರೆಂಬ ಪರಿವೆಯಿಲ್ಲದೆ ಗಟ್ಟಿಯಾಗಿ ಅತ್ತರು. ತುಂಗಾ ಒಳಗಿನಿಂದ ಬರಲಿಲ್ಲ.